ತಿದ್ದುಪಡಿ ಎಂಬ ಮಾತು

ನಾನು ನ್ಯಾಯಶಾಸ್ತ್ರದ ಪಂಡಿತನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಸಾಹಿತ್ಯದ ವಿದ್ಯಾರ್ಥಿಗಳು ಸಾರ್ವಜನಿಕ ಕಾನೂನನ್ನು ಕೊಂಚವಾದರೂ ಓದಬೇಕೆಂಬುದು ನನ್ನ ಅಭಿಮತ. ನೆರೆಹೊರೆಯವರಿಬ್ಬರು ಹೊಲದ ಬದುವಿಗಾಗಿ ವ್ಯಾಜ್ಯ ಹೂಡಿದರೆ ಅದು ಖಾಸಗಿ ಕಾನೂನಿನ ವಿಷಯ. ಆಳುವ ಪ್ರಭುತ್ವಕ್ಕೂ ಪ್ರಜೆಗೂ ನಡುವಣ ಬದು ಎಲ್ಲಿದೆಯೆಂದು ಗೊತ್ತುಪಡಿಸುವುದು ಸಾರ್ವಜನಿಕ ಕಾನೂನು. ಈ ಎರಡನೆಯ ಬದುವಿಗೆ ನೆಟ್ಟ ಕಲ್ಲುಗಳೆಲ್ಲ ಮಾತುಗಳೇ.

ಒಂದು ನಿದರ್ಶನ ಸಾಕು. ಕಾಸರಗೋಡಿನ ಎಡನೀರು ಮಠ ಕನ್ನಡಕ್ಕೂ ಯಕ್ಷಗಾನಕ್ಕೂ ಆಶ್ರಯವಿತ್ತ ಸ್ಥಳ. ಅದರ ಅಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಮೊಕದ್ದಮೆ ಇತ್ಯರ್ಥವಾಗುವ ಮೊದಲೇ ಪಾರ್ಲಿಮೆಂಟು ಸಂವಿಧಾನಕ್ಕೆ 24, 25, 29ನೆಯ ತಿದ್ದುಪಡಿಗಳನ್ನು ತಂದಿತು. ಪ್ರಶ್ನೆ ಮಠದ ಭೂಮಿಯನ್ನು ದಾಟಿ ಬೆಳೆಯಿತು: ಸಂವಿಧಾನವನ್ನು ತಿದ್ದಲು 368ನೆಯ ವಿಧಿ ಕೊಡುವ ಅಧಿಕಾರಕ್ಕೆ ಮೇರೆಯುಂಟೆ? 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7ಕ್ಕೆ 6ರ ಬಹುಮತದಿಂದ ತೀರ್ಪಿತ್ತರು. ಪಾರ್ಲಿಮೆಂಟು ಯಾವ ವಿಧಿಯನ್ನಾದರೂ ತಿದ್ದಬಹುದು. ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸಕೂಡದು.

ನಿರ್ಣಾಯಕವಾದ ಅಭಿಪ್ರಾಯ ನ್ಯಾಯಮೂರ್ತಿ ಖನ್ನಾ ಅವರದು. ಅವರ ವಾದ ನಿಂತದ್ದು ತಿದ್ದುಪಡಿ ಎಂಬ ಮಾತಿನ ಅರ್ಥದ ಮೇಲೆಯೇ: ತಿದ್ದಿದ ಬಳಿಕವೂ ಹಳೆಯ ಸಂವಿಧಾನ ತನ್ನ ಗುರುತು ಕಳೆದುಕೊಳ್ಳದೆ ಉಳಿದಿರಬೇಕು. ನಮ್ಮ 'ತಿದ್ದು' ಎಂಬ ಧಾತುವೂ ಇದನ್ನೇ ಹೇಳುತ್ತದೆ. ಮಗು ಅಕ್ಷರ ತಿದ್ದುವಾಗ ಬರೆದ ಗೆರೆಯ ಮೇಲೆಯೇ ಕೈಯಾಡಿಸುತ್ತದೆ. ಉಪಾಧ್ಯಾಯನು ತಿದ್ದಿದ ಪ್ರಬಂಧ ವಿದ್ಯಾರ್ಥಿಯದಾಗಿಯೇ ಉಳಿಯುತ್ತದೆ. ಒರಸಿಹಾಕುವುದನ್ನು ಯಾರೂ ತಿದ್ದುವುದೆನ್ನರು.

ಜನ ಆರಿಸದ ನ್ಯಾಯಮೂರ್ತಿಗಳು ಜನಪ್ರತಿನಿಧಿಗಳ ಕೈ ಹಿಡಿಯಬಹುದೆ, ಉಳುವವನಿಗೆ ಸಲ್ಲಬೇಕಾದ ನೆಲಕ್ಕೆ ಇದು ಅಡ್ಡಿಯಾಗದೆ ಎಂಬ ಆಕ್ಷೇಪವುಂಟು. ಅದು ಹಗುರವಾದುದಲ್ಲ. ಆದರೆ ಕೇರಳದ ಆ ಶಾಸನಗಳಿಗೆ ರಕ್ಷಣೆಯಿತ್ತ 29ನೆಯ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತೆಂಬುದನ್ನು ಮರೆಯಬಾರದು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆಂದು 42ನೆಯ ತಿದ್ದುಪಡಿ ಸಾರಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ, 1980ರಲ್ಲಿ, ಆ ಮಾತು ಬಿದ್ದುಹೋದದ್ದು ಎಡನೀರಿನ ಸ್ವಾಮಿಗಳ ಹೆಸರಿನ ತೀರ್ಪಿನ ಬಲದಿಂದ.

ಏಳಕ್ಕೆ ಆರು: ಒಬ್ಬರ ಅಭಿಪ್ರಾಯ ಅತ್ತ ವಾಲಿದ್ದರೆ ಬದುವೇ ಇರುತ್ತಿರಲಿಲ್ಲ. ಇಷ್ಟು ತೆಳುವಾದ ಬದುವನ್ನು ವಕೀಲರಿಗೊಪ್ಪಿಸಿ ನಾವು ನಿಶ್ಚಿಂತರಾಗಿರುವುದು ತರವಲ್ಲ. ಮಾತಿನ ಅರ್ಥವನ್ನು ಕಾಯುವುದು ನಮ್ಮ ಕಸುಬೂ ಹೌದಷ್ಟೆ.