ನೊರೆನೀರಿನ ನಾವಿಕರ ಒಳನುಡಿ

ಹೋಟೆಲಿನ ಅಡಿಗೆಮನೆಯ ಕಿಂಡಿಯ ಬಳಿ ನಿಂತು "ದೋ ಸಾದಾ, ಏಕ್ ಮಸಾಲಾ ಕಡಕ್, ತೀನ್ ಕಟಿಂಗ್" ಎಂದು ಕೂಗುವ ನಮ್ಮ ಹುಡುಗನ ಮಾತು, ಊರಿನಿಂದ ಆಗತಾನೆ ಬಂದಿಳಿದವನಿಗೆ ಒಗಟಿನಂತೆ ಕೇಳಿಸುತ್ತದೆ. ಕಟಿಂಗ್ ಎಂದರೆ ಕ್ಷೌರವೋ ಎಂದು ಅವನು ಬೆರಗಾಗುತ್ತಾನೆ. ಆದರೆ ಕಾವಲಿಯ ಮುಂದೆ ಬೆವರುತ್ತ ನಿಂತ ಭಟ್ಟರಿಗೆ ಅದು ಸಂಪೂರ್ಣವಾದ ವಾಕ್ಯ. ಅದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಕಸುಬಿನ ಒಳನುಡಿ ಹುಟ್ಟುವುದು ಹೀಗೆ: ಪಾಂಡಿತ್ಯದಿಂದಲ್ಲ, ಅವಸರದಿಂದ. ದಫ್ತರದ ಗುಮಾಸ್ತರಿಗೂ, ರೈಲಿನ ನೌಕರರಿಗೂ, ಬಂದರಿನ ಹಮಾಲರಿಗೂ ಅವರವರದೇ ಒಳನುಡಿಗಳುಂಟು.

ಹೋಟೆಲಿನಲ್ಲಿ ಒಂದು ಮಾತು ತಪ್ಪಿ ಕೇಳಿಸಿದರೆ ಸಾದಾ ಬೇಡಿದವನಿಗೆ ಮಸಾಲೆ ಬಂದೀತು; ಗಿರಾಕಿಯ ಕೋಪ, ಯಜಮಾನರ ಬೈಗುಳ, ಅಷ್ಟಕ್ಕೆ ಮುಗಿಯಿತು. ಆದರೆ ಮಾತು ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರುವ ಕಸುಬುಗಳೂ ಇವೆ. ಬೆಟ್ಟದ ಹೊಳೆಗಳ ನೊರೆನೀರಿನಲ್ಲಿ ರಬ್ಬರಿನ ತೆಪ್ಪಗಳನ್ನು ನಡೆಸುವ ರಾಫ್ಟಿಂಗ್ ಗೈಡರ ಕಸುಬು ಅಂಥದು. ಅವರ ಒಳನುಡಿಯ ಕುರಿತು ಇಂದು ನಾಲ್ಕು ಮಾತು ಬರೆಯಬೇಕೆನಿಸಿದುದಕ್ಕೆ ನಮ್ಮದೇ ಅನುಭವವೊಂದು ಕಾರಣ.

ಕಳೆದ ಚಳಿಗಾಲದ ಒಂದು ರವಿವಾರ ನಾವು ಐವರು ಮಿತ್ರರು ಮುಂಬಯಿಯಿಂದ ಸುಮಾರು 120 ಕಿಲೋಮೀಟರ್ ದೂರದ ಕೋಲಾಡಿಗೆ ಹೋಗಿದ್ದೆವು. ರಾಯಗಡ ಜಿಲ್ಲೆಯ ಈ ಊರಿನ ಬಳಿ ಹರಿಯುವ ಕುಂಡಲಿಕಾ ನದಿಗೆ ಮೇಲಿನ ಜಲವಿದ್ಯುತ್ ಯೋಜನೆಯಿಂದ ಮುಂಜಾನೆ ನೀರು ಬಿಡುತ್ತಾರೆ; ಆ ನೀರಿನ ಮೇಲೆ ತೆಪ್ಪಗಳು ಸಾಗುತ್ತವೆ. ದಡದಲ್ಲಿ ಗೈಡ್ ಹುಡುಗನು ತಲೆಗೆ ಹೆಲ್ಮೆಟ್, ಎದೆಗೆ ಲೈಫ್ ಜಾಕೆಟ್ ಬಿಗಿಸಿ, ಕೈಗೆ ಹುಟ್ಟು ಕೊಟ್ಟು, ಹತ್ತು ನಿಮಿಷ ಪಾಠ ಹೇಳಿದನು. ನಮ್ಮಲ್ಲೊಬ್ಬರು ಹೋಟೆಲಿನ ಗಲ್ಲೆಯ ಮೇಲೆ ಕೂರುವವರು. "ಇದೆಂಥ ಪಾಠ ಮಾರಾಯ್ರೆ, ನಾವು ಹೊಳೆಯ ಬದಿಯಲ್ಲೇ ಹುಟ್ಟಿದವರು" ಎಂದು ಅವರು ನಕ್ಕರು. ನಾವೂ ನಕ್ಕೆವು.

ಅರ್ಧ ಗಂಟೆಯೊಳಗೆ ನಗೆ ನಿಂತಿತು. ತೆಪ್ಪವು ಅಡ್ಡಲಾಗಿ ಹೋಗಿ ಬಂಡೆಯೊಂದಕ್ಕೆ ಆತುಕೊಂಡಾಗ ಗೈಡನು "ಹೈಸೈಡ್!" ಎಂದು ಕೂಗಿದನು. ಅದೇನೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಗಲ್ಲೆಯ ಮಿತ್ರರು ನೀರಿನಲ್ಲಿದ್ದರು. ಕೆಳಗೆ ತೇಲಿಹೋಗಿ, ನೀರು ಸೊಂಟದ ಮಟ್ಟಕ್ಕಿಳಿದ ಕೂಡಲೇ ಅವರು ಎದ್ದು ನಿಲ್ಲಲು ಹವಣಿಸಿದರು. "ಪಾಯ್ ವರ್! ಪಾಯ್ ವರ್!" ಎಂದು ಗೈಡನು ಮರಾಠಿಯಲ್ಲಿ ಅರಚಿದನು. ಅದು ಮಾತ್ರ ಅವರಿಗೆ ತಿಳಿಯಿತು. ಕಾಲು ಮೇಲೆತ್ತಿ ಅಂಗಾತ ತೇಲಿದರು. ಮುಂದೆ ಕಾದಿದ್ದ ಇನ್ನೊಂದು ತೆಪ್ಪದವರು ಹಗ್ಗವೆಸೆದು ಎಳೆದುಕೊಂಡರು. ದಡ ಸೇರಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ನಿಂತರೆ ಏನಾಗುತ್ತಿತ್ತು?"

ಗೈಡನ ಉತ್ತರ ನಮ್ಮನ್ನು ಸ್ತಬ್ಧಗೊಳಿಸಿತು. ಹರಿಯುವ ನೀರಿನಲ್ಲಿ ಎದ್ದು ನಿಂತವನ ಪಾದವು ತಳದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಆಗ ಪ್ರವಾಹವು ಬೆನ್ನನ್ನು ನೂಕಿ ದೇಹವನ್ನು ಮುಂದಕ್ಕೆ ಬಾಗಿಸಿ ನೀರಿನೊಳಗೆ ಅದುಮಿ ಹಿಡಿಯುತ್ತದೆ. ಸೊಂಟದಷ್ಟು ನೀರಿನಲ್ಲಿ, ಈಜು ಬಲ್ಲವನೂ ಹೀಗೆ ಮುಳುಗಿ ಸತ್ತಾನು. ಎರಡೇ ಶಬ್ದಗಳ ಆ ಕೂಗಿನಲ್ಲಿ ಇಷ್ಟು ಅರ್ಥವಿತ್ತು.

"ಹೈಸೈಡ್" ಎಂಬುದರ ಮರ್ಮವೂ ಇಂಥದೇ. ತೆಪ್ಪವು ಬಂಡೆಗೆ ಅಡ್ಡಲಾಗಿ ತಾಗಿದಾಗ ಬಂಡೆಯ ಕಡೆಯ ಅಂಚು ಮೇಲೇಳುತ್ತದೆ, ನೀರು ಬರುವ ಕಡೆಯ ಅಂಚು ಕೆಳಗೆ ಎಳೆಯಲ್ಪಡುತ್ತದೆ. ಬಂಡೆಗೆ ಹೆದರಿ ದೂರ ಸರಿಯುವುದು ಮನುಷ್ಯ ಸಹಜ. ಹಾಗೆ ಸರಿದರೆ ತಗ್ಗಿದ ಅಂಚು ಇನ್ನೂ ತಗ್ಗಿ, ತೆಪ್ಪ ಮಗುಚುತ್ತದೆ, ಇಲ್ಲವೇ ಒದ್ದೆ ಬಟ್ಟೆಯಂತೆ ಬಂಡೆಗೆ ಸುತ್ತಿಕೊಳ್ಳುತ್ತದೆ. ಇದಕ್ಕೆ ಅವರ ನುಡಿಯಲ್ಲಿ "ರ‍್ಯಾಪ್" ಎಂದು ಹೆಸರು. ಆದುದರಿಂದ ಎಲ್ಲರೂ ಭಯವನ್ನು ಬಿಟ್ಟು ಬಂಡೆಯ ಕಡೆಗೇ, ಎತ್ತರದ ಅಂಚಿನ ಮೇಲೆಯೇ ಬೀಳಬೇಕು. ಸಹಜ ಬುದ್ಧಿ ಹೇಳುವುದಕ್ಕೆ ತದ್ವಿರುದ್ಧವಾದುದನ್ನು ಒಂದು ಕ್ಷಣದಲ್ಲಿ ಮಾಡಿಸುವ ಶಬ್ದವದು. ನೀರಿನ ಮೊರೆತದ ನಡುವೆ ಇದನ್ನೆಲ್ಲ ವಿವರಿಸಲು ಯಾರಿಗೆ ಸಮಯವಿದೆ?

ಅಂದಿನಿಂದ ಈ ನುಡಿಯ ಮೂಲವನ್ನು ನಾವು ಕುತೂಹಲದಿಂದ ವಿಚಾರಿಸುತ್ತ ಬಂದೆವು. ಅದು ಬಹುಮಟ್ಟಿಗೆ ಬೆಳೆದುದು ಅಮೆರಿಕೆಯ ಪಶ್ಚಿಮ ಭಾಗದ ನದಿಗಳ ಮೇಲೆ. 1869ರ ಮೇ 24ರಂದು ಜಾನ್ ವೆಸ್ಲಿ ಪಾವೆಲ್ ಎಂಬಾತನು ಗ್ರೀನ್ ಮತ್ತು ಕೊಲರಾಡೋ ನದಿಗಳ ಅಜ್ಞಾತ ಕಣಿವೆಗಳ ಮೂಲಕ ನಾಲ್ಕು ದೋಣಿಗಳಲ್ಲಿ ಹೊರಟನು. ಅವನೂ ಸೇರಿ ಹತ್ತು ಮಂದಿ. ಪಾವೆಲ್ಲನಿಗೆ ಬಲಗೈ ಇರಲಿಲ್ಲ. 1862ರ ಶೈಲೋ ಕದನದಲ್ಲಿ ಗುಂಡು ತಾಗಿ ಅದನ್ನು ಕಳೆದುಕೊಂಡಿದ್ದನು. ಒಂದು ದೋಣಿ ನುಚ್ಚುನೂರಾದ ಸ್ಥಳವು "ಡಿಸಾಸ್ಟರ್ ಫಾಲ್ಸ್", ಅಂದರೆ ವಿಪತ್ತಿನ ಧುಮುಕು ಎನಿಸಿತು. ಆಗಸ್ಟ್ 28ರಂದು ಭೀಕರ ಇಳಿಜಾರೊಂದನ್ನು ಕಂಡು ಮೂವರು ಮುಂದೆ ಬರಲೊಲ್ಲದೆ ಕಣಿವೆಯನ್ನು ಹತ್ತಿ ಹೋದರು. ಅವರು ಮತ್ತೆ ಮರಳಲಿಲ್ಲ. ಉಳಿದವರಾದರೋ ಎರಡೇ ದಿನಗಳಲ್ಲಿ ಜನವಸತಿಯನ್ನು ಸೇರಿದರು. ಆ ಸ್ಥಳಕ್ಕೆ "ಸೆಪರೇಶನ್", ಅಗಲಿಕೆ ಎಂಬ ಹೆಸರು ನಿಂತಿದೆ. ನದಿಯವರ ನುಡಿಯಲ್ಲಿ ಹೆಸರುಗಳೇ ಇತಿಹಾಸ.

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಸೈನ್ಯಕ್ಕೆ ಬೇಡವಾದ ರಬ್ಬರ್ ದೋಣಿಗಳು ಅಗ್ಗದಲ್ಲಿ ಮಾರಾಟಕ್ಕೆ ಬಂದವು. 1950ರ ದಶಕದಲ್ಲಿ ಜಾರ್ಜಿ ವೈಟ್ ಎಂಬ ಧೀರ ಮಹಿಳೆಯು ಅಂಥ ಮೂರು ದೊಡ್ಡ ತೆಪ್ಪಗಳನ್ನು ಒಟ್ಟಿಗೆ ಬಿಗಿದು, ಹಣ ತೆತ್ತು ಬರುವ ಪ್ರವಾಸಿಗಳನ್ನು ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಕರೆದೊಯ್ದಳು. ಹೀಗೆ ಸಾಹಸವು ಕಸುಬಾಯಿತು. ಕಸುಬಿನೊಂದಿಗೆ ಒಳನುಡಿ ಬೆಳೆಯಿತು. ತೆಪ್ಪದೊಂದಿಗೆ ಆ ನುಡಿಯೂ ದೇಶದೇಶಗಳಿಗೆ ಹರಡಿ, ಹೃಷೀಕೇಶದ ಗಂಗೆಗೂ, ಕೋಲಾಡಿನ ಕುಂಡಲಿಕೆಗೂ, ನಮ್ಮ ದಾಂಡೇಲಿಯ ಕಾಳಿಗೂ ಬಂದಿಳಿಯಿತು.

ಈ ನುಡಿಯಲ್ಲಿ ನೀರಿನ ಒಂದೊಂದು ರೂಪಕ್ಕೂ ಒಂದೊಂದು ಹೆಸರು. ಹೆಸರುಗಳೆಲ್ಲ ಮನೆಯ ವಸ್ತುಗಳವು. ರಭಸದ ಇಳಿಜಾರಿನ ಬಾಯಲ್ಲಿ ನುಣ್ಣಗೆ ಇಳಿಯುವ ನೀರಿನ ಪಟ್ಟಿಗೆ "ಟಂಗ್", ಎಂದರೆ ನಾಲಗೆ. ಅನೇಕ ವೇಳೆ ಒಳಹೊಗಲು ಅದೇ ಒಳ್ಳೆಯ ದಾರಿ. ಸಾಲಾಗಿ ಏಳುವ ಅಲೆಗಳಿಗೆ "ವೇವ್ ಟ್ರೇನ್", ಅಲೆಗಳ ರೈಲುಗಾಡಿ. ಕಡಿದಾಗಿ ಎದ್ದ ದೊಡ್ಡ ಅಲೆಗೆ "ಹೇಸ್ಟ್ಯಾಕ್", ನಮ್ಮ ಹುಲ್ಲಿನ ಬಣವೆ. ಎದುರು ಬಂಡೆಯ ಮುಖಕ್ಕೆ ಅಪ್ಪಳಿಸಿ ಉಬ್ಬಿ ನಿಂತ ನೀರಿಗೆ "ಪಿಲ್ಲೋ", ತಲೆದಿಂಬು. ಹೆಸರು ಮೃದು, ಒಳಗಿರುವುದು ಕಲ್ಲು. ಆದರೂ ದಿಂಬಿರುವ ಬಂಡೆಗಿಂತ ದಿಂಬಿಲ್ಲದ ಬಂಡೆಗೆ ಗೈಡರು ಹೆಚ್ಚು ಅಂಜುತ್ತಾರೆ. ನೀರು ಬಂಡೆಗೆ ತಾಗಿಯೂ ಉಬ್ಬಲಿಲ್ಲವೆಂದರೆ ಅದು ಬಂಡೆಯ ಅಡಿಯ ಪೊಟರೆಯೊಳಗೆ ನುಗ್ಗುತ್ತಿರಬೇಕು. ನೀರು ನುಗ್ಗುವ ಕಡೆ ಮನುಷ್ಯನನ್ನೂ ಒಯ್ಯುತ್ತದೆ.

ನಮ್ಮ ಹೋಟೆಲಿನವರಿಗೆ ಬೇಗ ತಿಳಿಯುವ ಶಬ್ದವೊಂದಿದೆ: "ಸ್ಟ್ರೇನರ್". ಚಹಾ ಸೋಸುವ ಜಾಲರಿ! ಹೊಳೆಗೆ ಅಡ್ಡಬಿದ್ದ ಮರಕ್ಕೆ ಗೈಡರು ಈ ಹೆಸರಿಟ್ಟಿದ್ದಾರೆ. ಕೊಂಬೆಗಳ ನಡುವೆ ನೀರು ಸರಾಗವಾಗಿ ಹಾಯ್ದುಹೋಗುತ್ತದೆ. ತೇಲಿಬಂದ ಮನುಷ್ಯನು ಚಹಾದ ಚರಟದಂತೆ ಅಲ್ಲಿಯೇ ಉಳಿಯುತ್ತಾನೆ. ಬೇರೆಲ್ಲ ಕಡೆ ಕಾಲು ಮುಂದು ಮಾಡಿ ತೇಲಬೇಕೆನ್ನುವ ಗೈಡರು, ತಪ್ಪಿಸಿಕೊಳ್ಳಲಾಗದ ಸ್ಟ್ರೇನರ್ ಎದುರಾದರೆ ಮಾತ್ರ ತಲೆ ಮುಂದು ಮಾಡಿ ಅದರತ್ತಲೇ ಬಿರುಸಾಗಿ ಈಜಿ ಮೇಲೆ ಹತ್ತಬೇಕೆನ್ನುತ್ತಾರೆ. ಅಪಾಯದ ಚಿತ್ರವೆಲ್ಲ ಆ ಒಂದೇ ಹೆಸರಿನಲ್ಲಿದೆ.

ಇನ್ನು "ಹೋಲ್". ಮುಳುಗಿದ ಬಂಡೆಯ ಮೇಲಿಂದ ಧುಮುಕಿದ ನೀರು ತಳಕ್ಕಿಳಿದು, ಮೇಲ್ಮೈಯಲ್ಲಿ ಹಿಂದಕ್ಕೆ ಉರುಳಿ ಬರುತ್ತದೆ. ಸಿಕ್ಕಿದ್ದನ್ನು ಬಿಡದ ಹೋಲಿಗೆ "ಕೀಪರ್", ಇಟ್ಟುಕೊಳ್ಳುವವನು ಎಂದು ಬಿರುದು. ಮೇಲ್ಗಡೆಯಿಂದ ನೋಡಿದಾಗ ಅದರ ಎರಡು ತುದಿಗಳು ಕೆಳಹೊಳೆಯತ್ತ ಬಾಗಿದ್ದರೆ "ನಗುವ ಹೋಲ್", ಸಿಕ್ಕವರನ್ನು ಬದಿಗೆ ಸರಿಸಿ ಹೊರಗೆ ಬಿಟ್ಟೀತು. ತುದಿಗಳು ಮೇಲ್ಹೊಳೆಯತ್ತ ಬಾಗಿದ್ದರೆ "ಮೋರೆ ಗಂಟಿಕ್ಕಿದ ಹೋಲ್", ನಡುವಿಗೇ ಎಳೆದೀತು. ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡುಗಳ ಕೆಳಗೆ ಈ ಉರುಳು ದಡದಿಂದ ದಡಕ್ಕೆ ಚಾಚಿರುವುದರಿಂದ ಪಾರಾಗಲು ಬದಿಯೇ ಇರುವುದಿಲ್ಲ. ಅಂಥ ಒಡ್ಡಿಗೆ ಅವರಿಟ್ಟ ಹೆಸರು "ಮುಳುಗಿಸುವ ಯಂತ್ರ". ನೋಡುವುದಕ್ಕೆ ಎಷ್ಟು ಸೌಮ್ಯವೋ ಅಷ್ಟೇ ಘಾತುಕ.

ಭಾಷಾಂತರ ಸೋಲುವ ಶಬ್ದವೂ ಒಂದಿದೆ. "ಎಡ್ಡಿ" ಎಂಬುದಕ್ಕೆ ನಿಘಂಟನ್ನು ತೆರೆದರೆ "ಸುಳಿ" ಎಂದು ಸಿಕ್ಕೀತು. ಸುಳಿ ಎಂದೊಡನೆ ನಮ್ಮ ಜನರ ಎದೆ ನಡುಗುತ್ತದೆ. ಆದರೆ ಗೈಡನಿಗೆ ಎಡ್ಡಿ ಸಾಮಾನ್ಯವಾಗಿ ತಂಗುದಾಣ. ಬಂಡೆಯ ಹಿಂಬದಿಯಲ್ಲಿ ನೀರು ಮೆಲ್ಲಗೆ ಮೇಲ್ಮುಖವಾಗಿ ತಿರುಗುವ ಮರೆ ಅದು. ಅಲ್ಲಿ ತೆಪ್ಪ ನಿಲ್ಲಿಸಿ ಉಸಿರೆಳೆದುಕೊಂಡು, ಮುಂದಿನ ದಾರಿಯನ್ನು ನೋಡಿ, ಹಿಂದೆ ಬರುವವರಿಗಾಗಿ ಕಾಯುತ್ತಾರೆ. ಗೈಡನು "ಎಡ್ಡಿಗೆ ಹೋಗೋಣ" ಎಂದರೆ ಅಂಜಬೇಕಾಗಿಲ್ಲ. ವಿಶ್ರಾಂತಿ ದೊರೆಯಿತೆಂದು ತಿಳಿಯಬೇಕು.

ಎಡಬಲಗಳ ಲೆಕ್ಕ ಮಾತ್ರ ನಮಗೆ ಹೊಸದಲ್ಲ. "ರಿವರ್ ಲೆಫ್ಟ್", "ರಿವರ್ ರೈಟ್" ಎಂಬುದನ್ನು ಯಾವಾಗಲೂ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಎಣಿಸಬೇಕು. ಮಾತಾಡುವವನು ಎತ್ತ ನೋಡುತ್ತಿದ್ದರೂ ಸರಿಯೆ. ತುಂಗಭದ್ರೆಯ ಎಡದಂಡೆ, ಬಲದಂಡೆ ಕಾಲುವೆಗಳನ್ನು ನಮ್ಮವರು ಹೆಸರಿಸಿದುದೂ ಇದೇ ನಿಯಮದಂತೆ.

ಇಷ್ಟೆಲ್ಲ ಗಾಂಭೀರ್ಯದ ನಡುವೆ ವಿನೋದಕ್ಕೂ ಕೊರತೆಯಿಲ್ಲ. ಹೋಲಿನಲ್ಲಿ ಸಿಕ್ಕಿ ಉರುಳಾಡಿದವನು "ಮೇಟ್ಯಾಗ್ ಆದ" ಎನ್ನುತ್ತಾರೆ. ಮೇಟ್ಯಾಗ್ ಎಂಬುದು ಅಮೆರಿಕೆಯಲ್ಲಿ ಮನೆಮಾತಾದ ಬಟ್ಟೆ ಒಗೆಯುವ ಯಂತ್ರದ ಹೆಸರು. ತೆಪ್ಪ ಮಗುಚದೆ ಜನರನ್ನು ಮಾತ್ರ ನೀರಿಗೆ ಸುರಿದರೆ "ಡಂಪ್ ಟ್ರಕ್". ಸಾಮಾನುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ತೇಲಿದರೆ "ಯಾರ್ಡ್ ಸೇಲ್", ಅಂಗಳದಲ್ಲಿ ಹರವಿದ ಹಳೆಯ ಸಾಮಾನಿನ ಮಾರಾಟ. ಸಣ್ಣ ಧುಮುಕಿನಿಂದ ಹಾರಿದ ಕಯಾಕ್ ದೋಣಿಯ ತಳ ನೀರಿಗೆ ಬಡಿಯುವ ಸದ್ದೇ "ಬೂಫ್" ಎಂಬ ಕ್ರಿಯಾಪದವಾಯಿತು. ದಡದಡ, ಧುಡುಮ್ಮೆಂಬ ಅನುಕರಣ ಶಬ್ದಗಳ ಕನ್ನಡಿಗರಿಗೆ ಇದು ಸ್ವಂತದ್ದೆಂಬಂತೆಯೇ ಕೇಳಿಸೀತು. ದೀರ್ಘ ಪ್ರಯಾಣಗಳಲ್ಲಿ ಶೌಚಕ್ಕಾಗಿ ಒಯ್ಯುತ್ತಿದ್ದ ಸೈನ್ಯದ ಮದ್ದುಗುಂಡಿನ ಪೆಟ್ಟಿಗೆಗೆ "ಗ್ರೂವರ್" ಎಂದು ನಾಮಕರಣ. ಅದರ ಅಂಚು ಕುಳಿತವನ ತೊಡೆಗಳಲ್ಲಿ ಎರಡು ಗೆರೆ ಮೂಡಿಸುತ್ತಿತ್ತಷ್ಟೆ. ಕಯಾಕಿನಿಂದ ನೀರಿಗೆ ಬಿದ್ದು ಈಜಿದವನು ಸಂಜೆ ತನ್ನ ಒದ್ದೆ ಪಾದರಕ್ಷೆಯಲ್ಲಿಯೇ ಬಿಯರ್ ಕುಡಿದು ದಂಡ ತೆರಬೇಕೆಂಬ ವಿಚಿತ್ರ ಕಟ್ಟಳೆಯೂ ಅವರಲ್ಲುಂಟು.

ಗಂಗೆಯ ಮೇಲೆಯೂ ಈ ವಿನೋದ ಕಾಣುತ್ತದೆ. ಹೃಷೀಕೇಶದ ಮೇಲ್ಗಡೆಯ ಪವಿತ್ರ ಪ್ರವಾಹದಲ್ಲಿ "ರಿಟರ್ನ್ ಟು ಸೆಂಡರ್", "ಡಬಲ್ ಟ್ರಬಲ್", "ಥ್ರೀ ಬ್ಲೈಂಡ್ ಮೈಸ್" ಎಂಬ ಇಳಿಜಾರುಗಳಿವೆ. ಹೋಲುಗಳು ಹೆಚ್ಚಿರುವ ಒಂದಕ್ಕೆ "ಗಾಲ್ಫ್ ಕೋರ್ಸ್" ಎನ್ನುತ್ತಾರೆ. ಕಳುಹಿಸಿದವರಿಗೇ ಮರಳಿಸು ಎಂಬ ಅಂಚೆಯ ಮುದ್ರೆಯನ್ನು ನದಿಗೆ ಒತ್ತಿದವನು ಯಾವ ದಫ್ತರದ ಗುಮಾಸ್ತನಾಗಿದ್ದನೋ!

ಮೃತ್ಯುವಿನ ನೆರೆಯಲ್ಲಿ ಈ ನಗೆ ಏಕೆ? ನಮಗೆ ತೋರುವುದಿಷ್ಟು. ಹೆಸರಿಲ್ಲದ ಭಯ ಮನುಷ್ಯನ ಕೈಕಾಲು ಕಟ್ಟಿಹಾಕುತ್ತದೆ. ಹೆಸರಿಟ್ಟ ಭಯವನ್ನು ತೋರಿಸಬಹುದು, ಅಳೆಯಬಹುದು, ಮತ್ತೊಬ್ಬನಿಗೆ ಹೇಳಿಕೊಡಬಹುದು, ಅದರ ಬಗ್ಗೆ ನಗಲೂಬಹುದು. ನದಿಯೂ ಇದ್ದಂತೆಯೇ ಇರುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನ "ಕ್ರಿಸ್ಟಲ್" ಎಂಬ ಸ್ಥಳವು 1966ರ ಡಿಸೆಂಬರಿನ ನೆರೆಯಲ್ಲಿ ಪಕ್ಕದ ಕಣಿವೆಯ ಕಲ್ಲುಗಳು ನುಗ್ಗಿ ಬಂದು ಒಮ್ಮೆಲೇ ಭಯಂಕರವಾಯಿತು. ನಿನ್ನೆಯ ದಾರಿ ಇಂದಿಲ್ಲವಾದಾಗ, ಒಬ್ಬನು ಕಂಡುದನ್ನು ಇನ್ನೊಬ್ಬನಿಗೆ ದಾಟಿಸುವ ಸಾಧನ ಈ ನುಡಿಯೇ.

ವಾರದ ರಜೆಯಲ್ಲಿ ಕೋಲಾಡಿಗೋ, ದಿಲ್ಲಿಯಿಂದ ಹೃಷೀಕೇಶಕ್ಕೋ, ಊರಿಗೆ ಹೋದಾಗ ಕಾಳಿಯ ದಡಕ್ಕೋ ಹೋಗುವ ನಮ್ಮ ತರುಣರಲ್ಲಿ ವಿನಂತಿ ಇಷ್ಟೆ. ದಡದಲ್ಲಿ ಗೈಡನು ಹೇಳುವ ಹತ್ತು ನಿಮಿಷಗಳ ಪಾಠವನ್ನು ಹಗುರವೆಂದು ತಿಳಿಯಬೇಡಿರಿ. ಇಂಗ್ಲಿಷು ತಿಳಿಯದೆಂದು ನಾಚಿ ತಲೆದೂಗಬೇಡಿರಿ, "ಭಾಯಿ, ಇದರ ಅರ್ಥವೇನು?" ಎಂದು ಕೇಳಿರಿ, ಎರಡು ಸಲ ಕೇಳಿರಿ. ನೀರಿಗಿಳಿದ ಮೇಲೆ ಕೇಳಲು ಅವಕಾಶವಿಲ್ಲ.

ಗಲ್ಲೆಯ ಮಿತ್ರರು ಅಂದು ಹಿಂದಿರುಗುವಾಗ ಆ ಗೈಡ್ ಹುಡುಗನ ಕೈಹಿಡಿದು, "ನೀನು ಎಷ್ಟು ಸಲ ಬಿದ್ದಿದ್ದೀಯಪ್ಪಾ?" ಎಂದು ಕೇಳಿದರು. ಅವನು ನಕ್ಕು, ನದಿಯವರಲ್ಲಿ ರೂಢಿಯಲ್ಲಿರುವ ಗಾದೆಯೊಂದನ್ನು ಹೇಳಿದನು. ಅದರ ತಾತ್ಪರ್ಯ: ಬೀಳದವರು ಯಾರೂ ಇಲ್ಲ, ನಾವೆಲ್ಲರೂ ಒಮ್ಮೆ ಬಿದ್ದುದಕ್ಕೂ ಮುಂದೆ ಬೀಳುವುದಕ್ಕೂ ನಡುವೆ ಇರುವವರು. ಮರುದಿನ ಬೆಳಗ್ಗೆ ಐದಕ್ಕೆ ಹೋಟೆಲಿನ ಬಾಗಿಲು ತೆರೆಯಬೇಕಾಗಿದ್ದ ಮಿತ್ರರು ದಾರಿಯುದ್ದಕ್ಕೂ ಆ ಮಾತನ್ನೇ ನೆನೆಯುತ್ತ ಮೌನವಾಗಿ ಕುಳಿತಿದ್ದರು.