ಛೀ ಅನಿಸುವ ಈ ಚಾಳಿಗಳು

ಹೋದ ಶ್ರಾವಣದಲ್ಲಿ ನಾದಿನಿಯ ಮಗಳ ನಿಶ್ಚಯಕ್ಕೆಂದು ಕುಮಾರಪಟ್ಟಣದಿಂದ ರಾಣೆಬೆನ್ನೂರಿಗೆ ಹೊರಟಿದ್ದೆ. ಮೈಮೇಲೆ ವರ್ಷಕ್ಕೆ ಎರಡೇ ಸಲ ಬೀರುವಿನಿಂದ ಹೊರಗೆ ಬರುವ ಇಳಕಲ್ ಸೀರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲೆ ಬಸ್ಸಿನಲ್ಲಿ ಕೂಡಲು ಜಾಗ ಸಿಗುವುದೇ ಪುಣ್ಯ. ಅದರಲ್ಲೂ ಕಿಟಕಿ ಪಕ್ಕದ ಸೀಟು ಸಿಕ್ಕರೆ ಕೇಳಬೇಕೆ? ಖುಷಿಯಿಂದ ಕೂತೆ. ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಮುಂದಿನ ಸೀಟಿನ ಯಜಮಾನರು ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಮುಂದಿನದು ನಿಮಗೆ ಗೊತ್ತೇ ಇದೆ. ನನ್ನ ಕೆನ್ನೆಯ ಮೇಲೆ, ಸೆರಗಿನ ಮೇಲೆ ಕೆಂಪು ತುಂತುರು.

"ಅಣ್ಣಾರ, ಹಿಂದ ಕುಂತವರ ಮ್ಯಾಲೆ ಬೀಳ್ತೈತ್ರಿ" ಅಂದೆ.

"ಗಾಳಿ ಆ ಕಡಿ ಐತ್ರಿ ಅಕ್ಕಾರ, ನಾ ಏನ್ ಮಾಡ್ಲಿ?" ಅಂದರು ಅವರು. ಜಗಳ ತೆಗೆಯುವ ದನಿಯೇನಲ್ಲ. ಮಳೆ ಬಂತು, ನಾನೇನು ಮಾಡಲಿ ಅನ್ನುವ ಹಾಗೆ. ಹತ್ತಿರ ಕೂತಿದ್ದ ನಾಲ್ಕು ಮಂದಿ ನಕ್ಕರು. ನಾನು ಸೆರಗು ಮಡಚಿ ಕಲೆ ಒಳಗೆ ಮಾಡಿಕೊಂಡೆ. ನಿಶ್ಚಯದ ಫೋಟೋಗಳಲ್ಲೆಲ್ಲ ನನ್ನ ಕೈ ಹೊಟ್ಟೆಯ ಮೇಲೇ ಇದೆ. ಮನೆಗೆ ಬಂದು ಹುಳಿ ಮೊಸರು ಹಚ್ಚಿ ನೆನೆಸಿಟ್ಟು ತೊಳೆದರೂ ಅರ್ಧ ಕಲೆ ಮಾತ್ರ ಹೋಯಿತು.

ನಿಮಗೂ ಇಂಥದ್ದು ಆಗಿರಬೇಕು, ಅಲ್ಲವೇ? ಆಗ ನೀವು ಏನು ಮಾಡಿದಿರಿ? ನನ್ನ ಹಾಗೇ ಮುಖ ತಿರುಗಿಸಿ ಸುಮ್ಮನೆ ಕೂತಿರಬೇಕು.

ನೋಡಿ, ಮನೆಯೊಳಗೆ ನಮ್ಮ ಜನ ಎಂಜಲಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು! ತಂಬಿಗೆ ತುಟಿಗೆ ತಾಗಿಸಬಾರದು, ಮೇಲಿಂದ ಎತ್ತಿ ಕುಡಿಯಬೇಕು. ಉಣ್ಣುವ ಕೈಯಿಂದ ಸೌಟು ಮುಟ್ಟಬಾರದು. ಉಂಡೆದ್ದ ಜಾಗ ಒರೆಸದೆ ಇನ್ನೊಬ್ಬರನ್ನು ಕೂಡಿಸುವ ಹಾಗಿಲ್ಲ. ಮಗು ಕಚ್ಚಿದ ಪೇರಲಹಣ್ಣನ್ನು ತಾಯಿ ಬಿಟ್ಟು ಬೇರೆ ಯಾರೂ ಬಾಯಿಗಿಡುವುದಿಲ್ಲ. ಇಷ್ಟೆಲ್ಲ ಕಲಿತ ಅದೇ ಮನುಷ್ಯ ಹೊಸಿಲು ದಾಟಿದ ಕೂಡಲೇ ಎಂಜಲು ಅನ್ನುವ ಮಾತೇ ಮರೆತುಬಿಡುತ್ತಾನೆ. ಬೀದಿ ಯಾರದ್ದೂ ಅಲ್ಲ ಅಂತಲೋ, ತೊಳೆಯುವವರು ಯಾರೋ ಇದ್ದಾರೆ ಅಂತಲೋ.

ಎಲೆ ಅಡಿಕೆ ನಮ್ಮ ಕಡೆ ಇಂದು ನಿನ್ನೆಯದಲ್ಲ. ಸವಣೂರಿನ ಎಲೆ ನಮ್ಮ ಜಿಲ್ಲೆಗೇ ಹೆಸರು ತಂದದ್ದು. ನಮ್ಮ ಮಾವನವರು ಚಂಚಿ ಬಿಟ್ಟು ಇರುತ್ತಿದ್ದವರಲ್ಲ. ಆದರೆ ಅವರು ಗೋಡೆಗೆ ಉಗುಳಿದ್ದು ನಾನು ಕಂಡಿಲ್ಲ. ಮಂಚದ ಕೆಳಗೆ ಹಿತ್ತಾಳೆಯ ಪೀಕದಾನಿ ಇರುತ್ತಿತ್ತು. "ಹಿಂದಿನವರು ಎಷ್ಟು ಶಿಸ್ತು ನೋಡ್ರಿ" ಅಂತ ನಾವು ಹೊಗಳುತ್ತೇವಲ್ಲ, ಆ ಪೀಕದಾನಿಯನ್ನು ದಿನಾ ಬೆಳಗ್ಗೆ ತೊಳೆಯುತ್ತಿದ್ದವಳು ಯಾರು? ಮದುವೆಯಾಗಿ ಬಂದ ಹೊಸತರಲ್ಲಿ ಉಸಿರು ಬಿಗಿಹಿಡಿದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದವಳು ನಾನು. ಅದನ್ನು ತೊಳೆದ ಮೇಲೆ ಚಹಾ ಕೂಡ ಒಳಗಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಂಬದ ಬುಡದಲ್ಲಿ ಕೂತು ಕೆಂಪು ಕಲೆ ಉಜ್ಜುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಆ ಬೆಳಗುಗಳು ನೆನಪಾಗುತ್ತವೆ.

ಉಗುಳುವುದೊಂದೇ ಅಲ್ಲ. ಕಾಯಿಪಲ್ಲೆ ಸಂತೆಗೆ ಹೋಗಿ ನೋಡಿ. ಕಾಲು ಕಿಲೋ ಮೆಣಸಿನಕಾಯಿ ತೂಗಿದ ಹುಡುಗ ಪ್ಲಾಸ್ಟಿಕ್ ಚೀಲ ಬಿಡಿಸಲು ಮೊದಲು ಬೆರಳು ನಾಲಿಗೆಗೆ ಹಚ್ಚುತ್ತಾನೆ, ಆಮೇಲೆ ಅದರೊಳಗೆ ಉಫ್ ಅಂತ ಊದುತ್ತಾನೆ. ಮೆಣಸಿನಕಾಯಿಯನ್ನಾದರೂ ತೊಳೆದು ಬಳಸುತ್ತೇವೆ. ಮಂಡಕ್ಕಿ ಕಟ್ಟಿಕೊಡುವವನೂ ಹಾಗೇ ಊದಿದರೆ? ಖಾನಾವಳಿಯಲ್ಲಿ ನಾವು ರೊಟ್ಟಿ ಮುರಿಯುವ ಹೊತ್ತಿಗೇ ಪಕ್ಕದ ನಲ್ಲಿಯಲ್ಲಿ ಒಬ್ಬರು ಗಂಟಲಿನಿಂದ ಹೊಟ್ಟೆಯವರೆಗೆ ಖ್ಯಾಕರಿಸುತ್ತಾರೆ. ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವರು ಮೂಗಿನಲ್ಲಿ ಬೆರಳಿಟ್ಟು, ಅದೇ ಬೆರಳಿನಿಂದ ನಿಮ್ಮ ಪೆನ್ನು ಕೇಳುತ್ತಾರೆ. ಕೊಡದೆ ಇರಲಾದೀತೆ?

ಇಲ್ಲಿಯವರೆಗೆ ಓದಿ "ಗಂಡಸರು ಅಂದರೆ ಹೀಗೇ" ಅಂದಿರಾ? ಸ್ವಲ್ಪ ತಾಳಿ. ಬಸ್ಸಿನಲ್ಲಿ ತಲೆ ಬಾಚಿ, ಉದುರಿದ ಕೂದಲು ಸುತ್ತಿ ಕಿಟಕಿಯಿಂದ ಬಿಡುವವರು ಯಾರು? ತುಂಗಭದ್ರೆಯ ದಂಡೆಯಲ್ಲಿ ಸ್ನಾನ ಮುಗಿಸಿ ಶಾಂಪೂ ಚೀಟಿ, ಮಗುವಿನ ಡೈಪರ್ ಅಲ್ಲೇ ಬಿಟ್ಟು ಹರಿಹರೇಶ್ವರನ ದರ್ಶನಕ್ಕೆ ಓಡುವವರು ಯಾರು? ಸೆರಗಿನಲ್ಲಿ ಮಗುವಿನ ಮೂಗು ಒರೆಸಿ, ಅದೇ ಸೆರಗಿನಿಂದ ಬಡಿಸುವ ತಾಟು ಒರೆಸುವುದನ್ನೂ ನಾನು ಕಂಡಿದ್ದೇನೆ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ, ನಗಬೇಡಿ. ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದಲ್ಲಿ ವಾರದ ಉಳಿತಾಯದ ಹಣ ಎಣಿಸುವ ಕೆಲಸ ನನ್ನದು. ಎಣಿಸಿ, ಬರೆದು, ಆಮೇಲೆ ಎಲ್ಲರಿಗೂ ಕೋಸಂಬರಿ ಹಂಚುವುದೂ ನಾನೇ. ಒಂದು ಶುಕ್ರವಾರ ಮನೆಗೆ ಬರುವಾಗ ಮಗಳು ಅಂದಳು: "ಅವ್ವಾ, ನೀ ಒಂದೊಂದು ನೋಟಿಗೂ ಬೆರಳು ನಾಲಿಗಿಗೆ ಹಚ್ಚತಿ. ಆ ಮೂಲಿಮನಿ ಆಂಟಿ ದಿನಾ ಕೋಸಂಬರಿ ಮನೀಗೆ ಒಯ್ತೀನಿ ಅಂತಾರಲ್ಲ, ಒಯ್ದು ಆಕಳಿಗೆ ಹಾಕ್ತಾರ."

ಮೈಯೆಲ್ಲ ಉರಿದುಹೋಯಿತು. ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಮೂಲೆಮನೆಯಾಕೆಯ ಮೇಲಂತೂ ಹೇಳತೀರದ ಸಿಟ್ಟು. ಮೂರನೆಯ ದಿನ ಮಗಳ ಪುಸ್ತಕದ ಹಾಳೆ ತಿರುವುವಾಗ ಬೆರಳು ತಾನಾಗಿಯೇ ಬಾಯಿಗೆ ಹೋಯಿತು. ಆಗ ನಿಂತು ನೋಡಿದೆ. ಅಷ್ಟು ವರ್ಷ ಎಷ್ಟು ಜನರ ಕೈ ದಾಟಿ ಬಂದ ನೋಟುಗಳನ್ನು ನಾನು ನೆಕ್ಕಿದ್ದೇನೆ! ಅವರಿಗೆ ಅಸಹ್ಯವಾದದ್ದು ಇರಲಿ, ರೋಗ ಬರುವುದಿದ್ದರೆ ಮೊದಲು ನನಗೇ ಬರಬೇಕಿತ್ತು. ಈಗ ಬ್ಯಾಂಕಿನವರು ಇಟ್ಟುಕೊಳ್ಳುವ ಹಾಗೆ ಒಂದು ಬಟ್ಟಲಲ್ಲಿ ಸ್ಪಂಜು ನೆನೆಸಿ ಇಟ್ಟುಕೊಂಡಿದ್ದೇನೆ. ಮೂಲೆಮನೆಯಾಕೆ ಅದನ್ನು ಕಂಡರೂ ಏನೂ ಅನ್ನಲಿಲ್ಲ. ಮುಂದಿನ ವಾರ ಕೋಸಂಬರಿಗೆ ಅಲ್ಲೇ ಕೈ ಒಡ್ಡಿದಳು.

ಕೆಮ್ಮು ಸೀನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2020ರಲ್ಲಿ ಕರೋನಾ ಬಂದಾಗ ಮೊಣಕೈ ಅಡ್ಡ ಹಿಡಿಯುವುದನ್ನು ಮಕ್ಕಳೂ ಕಲಿತಿದ್ದವು. ಮಾಸ್ಕು ಹೋಯಿತು, ಅದೂ ಹೋಯಿತು. ಆದರೆ ಕ್ಷಯ ಎಲ್ಲಿಗೂ ಹೋಗಿಲ್ಲ. 1882ರಲ್ಲೇ ಅದರ ರೋಗಾಣುವನ್ನು ಕಂಡುಹಿಡಿದರು, ಗುಣಪಡಿಸುವ ಔಷಧಿಯೂ ಇದೆ. ಆದರೂ ಅದು ಇವತ್ತಿಗೂ ಹರಡುವುದು ಕೆಮ್ಮಿನಿಂದ ಗಾಳಿಗೆ ಸೇರಿಯೇ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಪುಕ್ಕಟೆ ಮಾಡುತ್ತಾರೆ. ಹಾಗಿರುವವರಿಗೆ ಒಂದು ಕರವಸ್ತ್ರ ಕೊಟ್ಟು, ಜೊತೆಗೆ ಈ ಮಾತನ್ನೂ ಹೇಳಿ.

ಕಾನೂನು ಇಲ್ಲವೆಂದಲ್ಲ. 2020ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಜಾಗದಲ್ಲಿ ಉಗುಳಿದರೆ ದಂಡ ಅಂತ ಕೇಂದ್ರ ಸರಕಾರ ಹೇಳಿತ್ತು. ನಮ್ಮ ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಬಂದ ಮೇಲೆ ತಂಬಾಕು ತಿಂದು ಕಂಡಲ್ಲಿ ಉಗುಳಿದರೆ ಸಾವಿರ ರೂಪಾಯಿವರೆಗೆ ದಂಡವಿದೆ. ಆದರೆ ಓಡುವ ಬಸ್ಸಿನ ಕಿಟಕಿಗೆ ಪೊಲೀಸರು ಎಲ್ಲಿಂದ ಬರಬೇಕು? ಅದಕ್ಕೇ ಜನ ಮೆಟ್ಟಿಲ ಮೂಲೆಯಲ್ಲಿ, ಕಾಂಪೌಂಡಿಗೆ ಗಣಪತಿ, ಲಕ್ಷ್ಮಿಯ ಚಿತ್ರದ ಟೈಲ್ಸು ಅಂಟಿಸುತ್ತಾರೆ. ದೇವರನ್ನು ಗೋಡೆ ಕಾಯುವುದಕ್ಕೆ ಕೂಡಿಸಿದ್ದೇವೆ!

ನಾನೂ ಅಂಟಿಸಿದ್ದೆ. ನಮ್ಮ ಕಾಂಪೌಂಡಿಗೆ ಉಗುಳುತ್ತಿದ್ದವನು ಹೊರಗಿನವನಲ್ಲ, ನನ್ನ ಮೈದುನ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರು. ಅಂದಿನಿಂದ ಅಡಿಕೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಬೇರೆ ಬೇರೆ ಕೊಂಡು ಬಾಯಲ್ಲಿ ಕೂಡಿಸುತ್ತಾರೆ. ಇವನೂ ಅದೇ. ಕೆಲಸ ಮುಗಿಸಿ ಬಂದು ಗೇಟಿನ ಹತ್ತಿರ ಉಗುಳಿಯೇ ಒಳಗೆ ಕಾಲಿಡುವವನು. ನಾನು ಬೈಯುವುದು, ಅವನು "ಆತು ಬಿಡ್ರಿ ವೈನಿ" ಅನ್ನುವುದು, ಮರುದಿನ ಮತ್ತೆ ಕಲೆ. ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ ಲೆಕ್ಕವನ್ನೂ ಅವನ ಮುಂದೆ ಓದಿದ್ದೆ.

ಆಗಲೇ ಇನ್ನೊಂದು ನಡೆಯುತ್ತಿತ್ತು, ನಾನು ತಿಳಿದುಕೊಳ್ಳಲಿಲ್ಲ. ಉಣ್ಣುವಾಗ ಅವನು "ವೈನಿ, ಖಾರ ಭಾಳ ಆತು" ಅನ್ನತೊಡಗಿದ್ದ. ನಮ್ಮ ಮನೆಯಲ್ಲಿ ಬಳಸುವುದು ಬ್ಯಾಡಗಿ ಮೆಣಸಿನಕಾಯಿ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವುದು ನಿಮಗೆ ನಾನು ಹೇಳಬೇಕೆ? ಕಾಂಪೌಂಡಿನ ಸಿಟ್ಟಿಗೆ ನನ್ನ ಅಡಿಗೆಗೆ ಹೆಸರಿಡುತ್ತಿದ್ದಾನೆ ಅಂದುಕೊಂಡೆ. ಯುಗಾದಿಯ ದಿನ ಹೋಳಿಗೆಯನ್ನು ಚೂರು ಚೂರು ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಸಣ್ಣ ಹುಡುಗ್ರಂಗ ಯಾಕ ತಿಂತಿಯೋ?" ಅಂದರೆ, "ಬಾಯಿ ತೆರೀವಲ್ದು ವೈನಿ" ಅಂದ.

ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವನ ಮೂರು ಬೆರಳು ಜೋಡಿಸಿ, ನಿಲ್ಲಿಸಿ ಬಾಯಲ್ಲಿ ಹಿಡಿ ಅಂದರು. ಎರಡು ಕೂಡ ಸರಿಯಾಗಿ ಹೋಗಲಿಲ್ಲ. ಕೆನ್ನೆಯ ಒಳಗಿನ ಮೆತ್ತನೆಯ ಚರ್ಮ ನಾರಿನಂತೆ ಬಿಗಿದುಕೊಂಡಿತ್ತು, ಬೆಳ್ಳಗಾಗಿತ್ತು. ಖಾರ ಉರಿಯುವುದು ಇದರ ಮೊದಲ ಗುರುತುಗಳಲ್ಲಿ ಒಂದಂತೆ. ತಂಬಾಕು ಬೇಕೆಂದೇನಿಲ್ಲ, ಬರೀ ಅಡಿಕೆ ಜಗಿದರೂ ಬರುತ್ತದಂತೆ. ಇದು ಕ್ಯಾನ್ಸರ್ ಅಲ್ಲ, ಆದರೆ ಬಿಡದಿದ್ದರೆ ಅತ್ತಲೇ ಹೋಗಬಹುದು ಅಂದರು. ಬಿಗಿದದ್ದು ಪೂರ್ತಿ ಮೊದಲಿನಂತೆ ಆಗುವುದಿಲ್ಲ ಅಂತಲೂ ಹೇಳಿದರು.

ವಾಪಸು ಬರುವಾಗ ಹರಿಹರದ ಸೇತುವೆಯ ಮೇಲೆ ನಾವು ಯಾರೂ ಮಾತಾಡಲಿಲ್ಲ. ಅಷ್ಟು ವರ್ಷ ನಾನು ನೋಡಿದ್ದು ಗೋಡೆಯನ್ನು. ಅವನು ಉಗುಳುವಾಗಲೆಲ್ಲ ಮುಖ ಸಿಂಡರಿಸಿ ಆ ಕಡೆ ತಿರುಗಿದ್ದರಿಂದ ಅವನ ಬಾಯಿ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಿಮ್ಮ ಮನೆಯಲ್ಲೂ ಜಗಿಯುವವರಿದ್ದರೆ ಆ ಮೂರು ಬೆರಳಿನ ಪರೀಕ್ಷೆ ಮಾಡಿಸಿ, ಕಾಸು ಖರ್ಚಿಲ್ಲ. ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಇದ್ದಕ್ಕಿದ್ದಂತೆ ಖಾರ ತಾಳದಿರುವುದು ಕಂಡರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ತಂಬಾಕು ಬಿಡಬೇಕೆನ್ನುವವರಿಗೆ ಸರಕಾರದ ಪುಕ್ಕಟೆ ಸಹಾಯವಾಣಿ ಇದೆ, 1800112356.

ಪರರಿಗೆ ಹೇಳುವುದು ಹೇಗೆ ಅಂತ ಕೇಳುತ್ತೀರಿ. ನನಗೆ ತಿಳಿದಷ್ಟು ಹೇಳುತ್ತೇನೆ. ನಾಲ್ಕು ಜನರ ಮುಂದೆ ಹೇಳಿದ್ದು ಫಲಿಸುವುದಿಲ್ಲ, ಅವರು ಮರ್ಯಾದೆ ಉಳಿಸಿಕೊಳ್ಳಲು ಜಗಳಕ್ಕೇ ನಿಲ್ಲುತ್ತಾರೆ. ಸಂತೆಯ ಹುಡುಗನಿಗೆ "ಊದಬ್ಯಾಡಪ್ಪ, ನನ್ನ ಕೈಚೀಲಕ್ಕs ಹಾಕು" ಅಂದರೆ ಸಾಕು, ಅವನಿಗೂ ಒಂದು ಚೀಲ ಉಳಿಯಿತು. ಬಸ್ಸಿನಲ್ಲಿ ಉಗುಳಲು ಏಳುವವರಿಗೆ ಹಳೆಯ ಪೇಪರಿನ ಪೊಟ್ಟಣ ಕೊಟ್ಟು ನೋಡಿದ್ದೇನೆ. ಇಬ್ಬರು ತಗೊಂಡರು, ಒಬ್ಬರು ನನ್ನನ್ನೇ ದುರುಗುಟ್ಟಿ ನೋಡಿದರು.

ಮೈದುನ ಈಗ ಐದು ತಿಂಗಳಿಂದ ಬಿಟ್ಟಿದ್ದಾನೆ. ನಡುವೆ ಎರಡು ಸಲ ತಪ್ಪಿದ, ತಾನೇ ಬಂದು ಹೇಳಿದ. ಡಾಕ್ಟರು ಕಲಿಸಿದ ಬಾಯಿಯ ವ್ಯಾಯಾಮ ಮಾಡಿ ಪ್ರತಿ ಸೋಮವಾರ ಬೆರಳಿಟ್ಟು ಅಳೆಯುತ್ತಾನೆ. ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಮೂರನೆಯದು ಇನ್ನೂ ಇಲ್ಲ. ಜೇಬಿನಲ್ಲಿ ಸೋಂಪಿನ ಡಬ್ಬಿ ಇಟ್ಟುಕೊಳ್ಳುತ್ತಾನೆ.

ಅವನ ಪಾಲಿನ ಬದನೆಕಾಯಿ ಪಲ್ಯವನ್ನು ಖಾರ ಹಾಕುವ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡುತ್ತೇನೆ. ಹುರಿದ ಗುರೆಳ್ಳು ಪುಡಿ ಎರಡು ಚಮಚ, ಚೂರು ಬೆಲ್ಲ, ಉಪ್ಪು ಹಾಕಿ ಮೆತ್ತಗೆ ಬೇಯಿಸಿದರೆ ಖಾರವಿಲ್ಲದೆಯೂ ರುಚಿಯಾಗುತ್ತದೆ. ರೊಟ್ಟಿಯನ್ನು ಮಾತ್ರ ಹಾಲಿನಲ್ಲಿ ನೆನೆಸಿ ಕೊಡಬೇಕು.