ತೊಟ್ಟಿಕ್ಕುವ ಎಣ್ಣೆ: ಹಳೆಯ ಬುಲೆಟ್ಟಿನ ರೋಗವೂ ಚಿಕಿತ್ಸೆಯೂ

ಹಳೆಯ ಬುಲೆಟ್ ಮೋಟಾರ್ ಸೈಕಲ್ ಇರುವ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಅದರ ಸದ್ದು ಬೀದಿಯ ತಿರುವಿನಿಂದಲೇ ಕೇಳಿಬರುತ್ತದೆ. ಅದು ನಿಲ್ಲುವ ಜಾಗದಲ್ಲಿ, ಎಷ್ಟು ತಿಕ್ಕಿ ತೊಳೆದರೂ ಹೋಗದ ಅಂಗೈಯಗಲದ ಕರಿಯ ಕಲೆಯೊಂದು ಇರುತ್ತದೆ. ಮನೆಯಾಕೆಗೆ ಆ ಕಲೆ ಕಣ್ಣಿನ ಕಿಸರು. ಯಜಮಾನರಿಗೆ ‘ಹಳೆಯ ಗಾಡಿ ಎಂದ ಮೇಲೆ ಇಷ್ಟೂ ಇಲ್ಲದಿದ್ದರೆ ಹೇಗೆ’ ಎಂಬ ಸಮಾಧಾನ. ಇಬ್ಬರಲ್ಲಿ ಮನೆಯಾಕೆಯ ಅಸಮಾಧಾನವೇ ಹೆಚ್ಚು ನ್ಯಾಯವಾದುದು. ಎಣ್ಣೆ ಕಡಮೆಯಾದ ಎಂಜಿನ್ನಿನಲ್ಲಿ ಬೇರಿಂಗುಗಳು ಸವೆಯುತ್ತವೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅದಕ್ಕಿಂತ ಮಿಗಿಲಾಗಿ, ಸೋರಿದ ಎಣ್ಣೆ ಹಿಂದಿನ ಟೈರಿಗೆ ತಗುಲಿದರೆ ತಿರುವಿನಲ್ಲಿ ಚಕ್ರ ಜಾರುತ್ತದೆ. ಬ್ರೇಕಿನ ಡ್ರಮ್ಮಿನೊಳಗೆ ಹೊಕ್ಕರೆ ಬೇಕಾದ ಹೊತ್ತಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ಹಿಂದಿನ ಆಸನದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ನಗೆಯ ಮಾತೆಂದು ತಳ್ಳಿಹಾಕುವಂತಿಲ್ಲ.

ಬುಲೆಟ್ ಮೂಲತಃ ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯ ಕೂಸು. 1955ರಲ್ಲಿ ಅದು ಮದರಾಸಿಗೆ ಬಂದು ನೆಲೆಯೂರಿತು. ಮೂಲ ಕಂಪೆನಿ ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಮೇಲೂ ಇಲ್ಲಿ ಅದರ ತಯಾರಿಕೆ ನಿಲ್ಲಲಿಲ್ಲ. 346 ಘನ ಸೆಂಟಿಮೀಟರಿನ, ಒಂದೇ ಸಿಲಿಂಡರಿನ, ಎರಕದ ಕಬ್ಬಿಣದ ಆ ಹಳೆಯ ಎಂಜಿನ್ 2010ರ ಸುಮಾರಿನವರೆಗೂ ಹೆಚ್ಚು ಬದಲಾವಣೆಯಿಲ್ಲದೆ ಉಳಿದುಬಂದಿತು. ಆದುದರಿಂದಲೇ ಇಂದಿಗೂ ಅಂಥ ಸಾವಿರಾರು ಗಾಡಿಗಳು ರಸ್ತೆಯ ಮೇಲಿವೆ.

ಎಣ್ಣೆಯ ಹಾದಿ

ಸೋರುವ ಜಾಗವನ್ನು ಹುಡುಕುವ ಮೊದಲು ಎಣ್ಣೆ ಎಲ್ಲೆಲ್ಲಿ ಇರುತ್ತದೆಂಬುದನ್ನು ತಿಳಿದಿರಬೇಕು. ಹಳೆಯ ಬುಲೆಟ್ಟಿನಲ್ಲಿ ಎಣ್ಣೆಯ ಮನೆಗಳು ಮೂರು: ಎಂಜಿನ್, ಎಡಬದಿಯ ಪ್ರೈಮರಿ ಚೈನಿನ ಪೆಟ್ಟಿಗೆ, ಹಿಂದಿನ ಗೇರ್ ಬಾಕ್ಸ್. ಮೂರಕ್ಕೂ ಬೇರೆ ಬೇರೆ ಎಣ್ಣೆ. ನೆಲದ ಮೇಲಿನ ತೊಟ್ಟು ಕಪ್ಪಾಗಿ ತೆಳ್ಳಗಿದ್ದರೆ ಬಹುಮಟ್ಟಿಗೆ ಅದು ಎಂಜಿನ್ನಿನದು. ಗಟ್ಟಿಯಾಗಿ ಅಂಟುಅಂಟಾಗಿದ್ದರೆ ಗೇರ್ ಬಾಕ್ಸಿನದು.

ಎಂಜಿನ್ನಿನ ಎಣ್ಣೆಯ ತೊಟ್ಟಿ ಕ್ರ್ಯಾಂಕ್ ಕೇಸಿನ ಎರಕದಲ್ಲಿಯೇ, ಸಿಲಿಂಡರಿನ ಹಿಂಬದಿಗೆ, ಪ್ರತ್ಯೇಕ ಕೋಣೆಯಾಗಿ ಅಡಗಿದೆ. ಬಲಬದಿಯ ಟೈಮಿಂಗ್ ಕವರಿನಲ್ಲಿ ಎರಡು ಪುಟ್ಟ ಪಂಪುಗಳಿವೆ. ಒಂದು ತೊಟ್ಟಿಯಿಂದ ಎಣ್ಣೆಯನ್ನೆತ್ತಿ ಎಂಜಿನ್ನಿಗೆ ಉಣಿಸುತ್ತದೆ. ಇನ್ನೊಂದು ಕೆಲಸ ಮುಗಿಸಿ ಕೆಳಗಿಳಿದ ಎಣ್ಣೆಯನ್ನು ಹಿಂದಕ್ಕೆ ಸಾಗಿಸುತ್ತದೆ. ತಲೆಯ ಮೇಲಿನ ರಾಕರುಗಳಿಗೆ ಎಣ್ಣೆ ಹೊರಗಿನ ಸಣ್ಣ ಕೊಳವೆಯ ಮೂಲಕ ಏರುತ್ತದೆ. ಈ ಹಾದಿಯಲ್ಲಿ ಎಲ್ಲೆಲ್ಲಿ ಜೋಡಣೆಯಿದೆಯೋ ಅಲ್ಲೆಲ್ಲ ಸೋರಿಕೆಗೆ ಅವಕಾಶವುಂಟು.

ಮೊದಲು ಸ್ನಾನ, ಆಮೇಲೆ ಪರೀಕ್ಷೆ

ಕೊಳೆ ಕವಿದ ಎಂಜಿನ್ನನ್ನು ನೋಡಿ ಸೋರಿಕೆಯನ್ನು ಊಹಿಸುವುದು ಕುರುಡರು ಆನೆಯನ್ನು ಕಂಡಂತೆ. ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆ ಹಾಗೂ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಬೇಕು. ಅನುಮಾನವಿರುವ ಜೋಡಣೆಗಳ ಮೇಲೆ ಮಕ್ಕಳಿಗೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಬೇಕು. ಬಳಿಕ ನಾಲ್ಕೈದು ಮೈಲಿ ಓಡಿಸಿ ಬಂದು ನೋಡಿದರೆ, ಬಿಳಿಯ ಪೌಡರಿನ ಮೇಲೆ ಎಣ್ಣೆಯ ಜಾಡು ಸ್ಪಷ್ಟವಾಗಿ ಮೂಡಿರುತ್ತದೆ.

ಇಲ್ಲಿ ಒಂದು ನಿಯಮವನ್ನು ಮರೆಯಬಾರದು. ಎಣ್ಣೆ ಕೆಳಕ್ಕೆ ಹರಿಯುತ್ತದೆ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲಿನದು ಹಾಗೂ ಮುಂದಿನದು ಯಾವುದೋ ಅದೇ ಮೂಲ. ಬುಡದ ಡ್ರೈನ್ ಪ್ಲಗ್ಗಿನಲ್ಲಿ ತೊಟ್ಟು ಕಂಡಿತೆಂದು ಅದನ್ನೇ ಬಿಗಿಯುತ್ತ ಹೋಗಿ ಎಳೆ ಹರಿದುಕೊಂಡವರು ಉಂಟು. ದೋಷವಿದ್ದುದು ಮೇಲಿನ ರಾಕರ್ ಕವರಿನಲ್ಲಿ!

ಸೋರಿಕೆಯಲ್ಲದ ಸೋರಿಕೆ

ಕೆಲವು ವಾರ ನಿಂತ ಬುಲೆಟ್ಟಿನ ಅಳತೆಕಡ್ಡಿಯನ್ನು ತೆಗೆದು ನೋಡಿದರೆ ಎಣ್ಣೆ ತೀರ ಕೆಳಗಿಳಿದಿರುವುದುಂಟು. ನೆಲದ ಮೇಲೆ ಮಾತ್ರ ಅಷ್ಟು ಕಲೆಯಿಲ್ಲ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು? ಸವೆದ ಪಂಪಿನ ಸಂದಿನಿಂದ ಅದು ಮೆಲ್ಲಮೆಲ್ಲನೆ ಜಿನುಗಿ ತೊಟ್ಟಿಯಿಂದ ಕ್ರ್ಯಾಂಕ್ ಕೇಸಿನ ತಳಕ್ಕೆ ಇಳಿದಿರುತ್ತದೆ. ಇದನ್ನರಿಯದ ಮಾಲೀಕರು ಅರ್ಧ ಲೀಟರ್ ಹೊಸ ಎಣ್ಣೆ ಸುರಿದು ಕಿಕ್ಕು ಹೊಡೆಯುತ್ತಾರೆ. ಪಂಪು ತಳದ ಎಣ್ಣೆಯನ್ನು ಹಿಂದಕ್ಕೆ ತರುತ್ತದೆ. ತೊಟ್ಟಿ ತುಂಬಿ ತುಳುಕುತ್ತದೆ. ಹೆಚ್ಚಾದುದು ಉಸಿರುಕೊಳವೆಯಿಂದ ಹೊರಕ್ಕೆ ಚಿಮ್ಮುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ, ಕೆಳಗೆ ಎಣ್ಣೆಯ ಮಡು! ಹಣ ಕೊಟ್ಟು ತಂದ ಸೋರಿಕೆ ಇದು. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ಅಳತೆ ನೋಡಿದರೆ ಈ ನಷ್ಟವಿಲ್ಲ.

ಉಸಿರುಕಟ್ಟಿದ ಎಂಜಿನ್

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ. ದೊಡ್ಡ ಪಿಸ್ಟನ್ ಕೆಳಗಿಳಿಯುವಾಗಲೆಲ್ಲ ತನ್ನ ಕೆಳಗಿನ ಗಾಳಿಯನ್ನು ಅಮುಕುತ್ತದೆ. ಆ ಗಾಳಿ ಹೊರಬೀಳಲು, ಆದರೆ ಮರಳಿ ಒಳಬರದಿರಲು, ಉಸಿರುಕೊಳವೆಯ ಏರ್ಪಾಡಿದೆ. ಕೊಳವೆ ಕಟ್ಟಿಕೊಂಡರೆ, ಅಥವಾ ಅದರ ಒಮ್ಮುಖದ ಕವಾಟ ಕೆಟ್ಟರೆ, ಒಳಗಿನ ಒತ್ತಡ ಎಲ್ಲ ಜೋಡಣೆಗಳಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಪಿಸ್ಟನ್ ರಿಂಗುಗಳು ಸವೆದು ಉರಿದ ಅನಿಲ ಕೆಳಗೆ ನುಸುಳಿದರೂ ಫಲ ಅದೇ.

ಒಂದೇ ಕಾಲಕ್ಕೆ ನಾಲ್ಕಾರು ಕಡೆ ಎಣ್ಣೆ ಒಸರುತ್ತಿದ್ದರೆ, ಗ್ಯಾಸ್ಕೆಟ್ ಬದಲಾಯಿಸಿದ ತಿಂಗಳಿಗೇ ಮತ್ತೆ ಒಸರಿದರೆ, ಗ್ಯಾಸ್ಕೆಟ್ಟನ್ನು ದೂರಿ ಪ್ರಯೋಜನವಿಲ್ಲ. ಮೊದಲು ಉಸಿರುಕೊಳವೆಯನ್ನು ಬಿಚ್ಚಿ ಶುಚಿಮಾಡಬೇಕು. ಎಂಜಿನ್ ನಿಧಾನವಾಗಿ ಓಡುವಾಗ ಅದರ ಬಾಯಿಗೆ ಬೆರಳೊಡ್ಡಿದರೆ ಗಾಳಿ ಹೊರಕ್ಕೆ ಬಡಿಯಬೇಕೇ ಹೊರತು ಒಳಕ್ಕೆ ಎಳೆಯಬಾರದು. ಕೊಳವೆ ಸರಿಯಿದ್ದೂ ಹೊಗೆ ದಟ್ಟವಾಗಿ ಬರುತ್ತಿದ್ದರೆ ರಿಂಗುಗಳ ಆಯುಸ್ಸು ಮುಗಿದಿದೆಯೆಂದು ತಿಳಿಯಬಹುದು. ಜ್ವರವಿರುವುದು ಒಳಗೆ, ಹಣೆಗೆ ಪಟ್ಟಿ ಹಾಕಿದರೆ ವಾಸಿಯಾದೀತೆ?

ಕೈಗೆಟಕುವ ದುರಸ್ತಿ

ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳೂ ಇವೆ. ರಾಕರುಗಳ ಎಣ್ಣೆಕೊಳವೆಯ ಬೋಲ್ಟುಗಳಿಗೆ ತಾಮ್ರದ ವಾಷರುಗಳಿರುತ್ತವೆ. ಹಲವು ಸಲ ಬಿಗಿದ ತಾಮ್ರ ಗಡುಸಾಗಿ ಸಂದನ್ನು ತುಂಬುವುದಿಲ್ಲ. ಅದನ್ನು ಒಲೆಯ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆದುವಾಗುತ್ತದೆ. ಹೊಸದನ್ನು ಹಾಕಿದರೆ ಇನ್ನೂ ಮೇಲು. ಟ್ಯಾಪೆಟ್ ಕವರನ್ನು ಒಂದೇ ನಟ್ಟು ಹಿಡಿದಿರುತ್ತದೆ. ಬಲ ಪ್ರಯೋಗಿಸಿದಷ್ಟೂ ಕವರು ಬಾಗಿ ಸೋರಿಕೆ ಹೆಚ್ಚೀತು. ಪ್ರೈಮರಿ ಚೈನಿನ ಕವರಿನ ಕಥೆಯೂ ಅದೇ: ನಡುವಿನ ಒಂದು ನಟ್ಟು, ಅಂಚಿನಲ್ಲಿ ರಬ್ಬರಿನ ಸೀಲು. ರಬ್ಬರು ಒಣಗಿ ಗಟ್ಟಿಯಾದರೆ ಅದನ್ನು ಬದಲಾಯಿಸಬೇಕು. ಸ್ಪಾನರಿನ ಬಲ ಅದಕ್ಕೆ ಮದ್ದಲ್ಲ.

ಕವರು ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಚೂಪಾದ ಉಕ್ಕಿನಿಂದ ಕೆರೆಯದೆ, ಮರದ ಚಕ್ಕೆಯಿಂದ ನವಿರಾಗಿ ತೆಗೆಯಬೇಕು; ಅಲ್ಯುಮಿನಿಯಂ ಮೆದು ಲೋಹ, ಒಂದು ಗೀರು ಬಿದ್ದರೂ ಎಣ್ಣೆಗೆ ದಾರಿಯಾಗುತ್ತದೆ. ಬಾಗಿದ ಕವರನ್ನು ದಪ್ಪ ಗಾಜಿನ ಮೇಲೆ ಹರಡಿದ ನುಣುಪಾದ ಎಮರಿ ಕಾಗದದ ಮೇಲಿಟ್ಟು ತಿಕ್ಕಿದರೆ ಮಟ್ಟವಾಗುತ್ತದೆ. ಹಲವು ಬೋಲ್ಟುಗಳಿರುವಲ್ಲಿ ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಅಂಟನ್ನು ಹಚ್ಚುವುದಾದರೆ ತೆಳುವಾದ ಲೇಪ ಸಾಕು. ಧಾರಾಳವಾಗಿ ಮೆತ್ತಿದ ಅಂಟು ಒಳಕ್ಕೆ ಉಬ್ಬಿ, ಕಿತ್ತು, ಎಣ್ಣೆಯ ಸಣ್ಣ ಹಾದಿಯನ್ನು ಮುಚ್ಚಿಬಿಡಬಹುದು. ಹೊರಗೆ ಒಂದು ತೊಟ್ಟು ಉಳಿಸಹೋಗಿ ಒಳಗೆ ಬೇರಿಂಗನ್ನೇ ಕಳೆದುಕೊಂಡಂತೆ!

ಕ್ರ್ಯಾಂಕಿನ ಎಡಬದಿಯ ಸೀಲು ಹೋದರೆ ಮಾತ್ರ ಅನುಭವಸ್ಥ ಮೆಕ್ಯಾನಿಕ್ಕನ ಬಳಿಗೆ ಹೋಗುವುದು ಲೇಸು. ಆಗ ಎಂಜಿನ್ನಿನ ಎಣ್ಣೆ ಪ್ರೈಮರಿ ಪೆಟ್ಟಿಗೆಗೆ ನುಗ್ಗಿ, ಅಲ್ಲಿನ ಮಟ್ಟ ಏರಿ, ಕ್ಲಚ್ಚು ಜಾರತೊಡಗುತ್ತದೆ. ಎಂಜಿನ್ನಿನಲ್ಲಿ ಎಣ್ಣೆ ಇಳಿಯುತ್ತ ಪೆಟ್ಟಿಗೆಯಲ್ಲಿ ಏರುತ್ತಿದ್ದರೆ ಗುರುತು ಸಿಕ್ಕಂತೆಯೇ. ಮೆಕ್ಯಾನಿಕ್ಕನ ಮುಂದೆ ‘ಎಲ್ಲೋ ಸೋರುತ್ತಿದೆ’ ಎನ್ನುವವರ ಬಿಲ್ಲಿಗೂ ‘ಇಲ್ಲಿ ಸೋರುತ್ತಿದೆ’ ಎಂದು ಬೆರಳಿಟ್ಟು ತೋರಿಸುವವರ ಬಿಲ್ಲಿಗೂ ಬಹಳ ಅಂತರವುಂಟು. ಒಂದು ಭಾನುವಾರದ ಬೆಳಗು, ಒಂದು ಸೀಸೆ ಸೀಮೆಎಣ್ಣೆ, ಒಂದು ಹಿಡಿ ಪೌಡರು ಇಷ್ಟರಿಂದ ಆ ಅಂತರವನ್ನು ಗಳಿಸಬಹುದು.